‘ನಮ್ಮ ಪದುಮ ಇವಳಲ್ಲ’

ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಪ್ರಕಟವಾದದ್ದು 1942ರಲ್ಲಿ. ಆ ಸಂಕಲನದಲ್ಲಿ ಹೊಸದಾಗಿ ಮದುವೆಯಾದವರ ಮುನಿಸುಂಟು, ತವರಿನ ಹಂಬಲವುಂಟು, ಮಾವನ ಮನೆಯ ಉಪಚಾರವುಂಟು. ಮೊದಲು, ನಡು, ಕೊನೆಗಳುಳ್ಳ ಕಥೆ ಮಾತ್ರ ಇಲ್ಲ. ಸುಮಾರು ಐವತ್ತು ವರ್ಷಗಳ ತರುವಾಯ ಟಿ. ಎಸ್. ನಾಗಾಭರಣರು ಅದೇ ಹೆಸರಿನ ಚಲನಚಿತ್ರವನ್ನು ತೆಗೆದಾಗ, ಇಲ್ಲದ ಕಥೆಯನ್ನು ಇದ್ದ ಹಾಡುಗಳ ಸುತ್ತ ಹೆಣೆಯಬೇಕಾಯಿತು. ಸ್ವಾತಂತ್ರ್ಯ ಚಳವಳಿಯ ಕಾಲ, ಕವಿಯಾದ ನಾಯಕ, ಹಳ್ಳಿಯ ಹೆಣ್ಣು ಬಂದು ಸೇರಿದರು. ಸಿ. ಅಶ್ವತ್ಥರು ಸಂಗೀತ ನೀಡಿದರು. 1991ರ ರಾಷ್ಟ್ರಪ್ರಶಸ್ತಿಗಳಲ್ಲಿ ಅದು ಕನ್ನಡದ ಅತ್ಯುತ್ತಮ ಚಿತ್ರವೆನಿಸಿತು. ಚಿತ್ರದ ಯೋಚನೆಯೇ ಇಲ್ಲದೆ ಯೌವನದಲ್ಲಿ ಬರೆದ ಕವಿತೆಗಳಿಗಾಗಿ, ಎಪ್ಪತ್ತೈದು ದಾಟಿದ ಕವಿಗೆ ಗೀತರಚನೆಯ ಪ್ರಶಸ್ತಿ ಸಂದಿತು.

ಈ ಹೊತ್ತು ನಾನು ಆ ಚಿತ್ರದ ವಿಮರ್ಶೆ ಮಾಡಹೊರಟಿಲ್ಲ. ಅದರ ಹಾಡುಗಳ ಧ್ವನಿಸುರುಳಿಯನ್ನು ಒಂದು ಊರಿನ ಕೇಳುಗರು ಹೇಗೆ ಬರಮಾಡಿಕೊಂಡರೆಂಬುದಷ್ಟೇ ನನ್ನ ವಿಷಯ. ಆ ಊರು ಕಳ್ಳಂಬೆಳ್ಳ. ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ದೊಡ್ಡ ಕೆರೆಯ ಆಸರೆಯಲ್ಲಿರುವ ಊರು. ಆ ದಿನಗಳಲ್ಲಿ ಹೋಟೆಲುಗಳಲ್ಲಿಯೂ ದರ್ಜಿಯ ಅಂಗಡಿಯಲ್ಲಿಯೂ ಟೇಪ್ ರೆಕಾರ್ಡರು ಹಾಡುತ್ತಲೇ ಇರುತ್ತಿತ್ತು. 1978ರಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಧ್ವನಿಸುರುಳಿಯಾಗಿ ಬಂದಂದಿನಿಂದ ಕವಿತೆಯನ್ನು ಕೊಂಡು ಮನೆಗೆ ಒಯ್ಯುವ ಅಭ್ಯಾಸ ಸಣ್ಣ ಊರುಗಳಿಗೂ ಹಬ್ಬಿತ್ತು. ನರಸಿಂಹಸ್ವಾಮಿಯವರ ಬಗೆಗೆ ನಮ್ಮ ಕಡೆಯವರಿಗೆ ಇನ್ನೊಂದು ಸಲಿಗೆಯೂ ಉಂಟು. 1936ರಲ್ಲಿ ಅವರ ಕೈಹಿಡಿದ ವೆಂಕಮ್ಮನವರು ತಿಪಟೂರಿನವರು. ಮಲ್ಲಿಗೆ ಮೈಸೂರಿನದಾದರೂ ಅದನ್ನು ಮುಡಿದವರು ನಮ್ಮ ಜಿಲ್ಲೆಯ ಮಗಳೆಂದು ನಾವು ಹೇಳಿಕೊಳ್ಳುತ್ತೇವೆ.

ಜನ ಬಲ್ಲ ಹಾಡುಗಳನ್ನು ಆಯ್ದು ಕಥೆಗೆ ಪೋಣಿಸುವುದು ಹೊಸತೇನೂ ಅಲ್ಲ. ಲಂಡನ್ನಿನಲ್ಲಿ 1728ರಲ್ಲಿಯೇ ಜಾನ್ ಗೇ ಎಂಬ ಕವಿ ಬೀದಿಯ ಮಟ್ಟುಗಳಿಗೆ ಹೊಸ ಮಾತು ಕೂಡಿಸಿ ‘ಬೆಗರ್ಸ್ ಆಪೆರ’ವನ್ನು ಆಡಿಸಿದ. ಅದೇ ಲಂಡನ್ನಿನಲ್ಲಿ 1999ರಲ್ಲಿ ‘ಮಮ್ಮ ಮಿಯ’ ಎಂಬ ನಾಟಕ ಸ್ವೀಡನ್ ದೇಶದ ಗಾಯಕರ ಹಳೆಯ ಹಾಡುಗಳಿಂದಲೇ ಕಟ್ಟಿಕೊಂಡು ಬಂದಿತು. ಅಷ್ಟು ದೂರ ಹೋಗುವುದೂ ಬೇಡ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ನಮ್ಮ ಜಿಲ್ಲೆಯದು. ಕಂಪನಿಯ ಮಟ್ಟುಗಳನ್ನು ಕಲಿತ ಹಾರ್ಮೋನಿಯಂ ಮೇಷ್ಟ್ರುಗಳು ಹಳ್ಳಿಹಳ್ಳಿಗಳಲ್ಲಿ ‘ಕುರುಕ್ಷೇತ್ರ’ವನ್ನು ಕಲಿಸಿದರು. ಬಾಣ ತಾಗಿ ಬಿದ್ದ ಕರ್ಣ, ಸಭೆಯಿಂದ ‘ಒನ್ಸ್ ಮೋರ್’ ಬಂದರೆ ಮೇಲೆದ್ದು ಪದವನ್ನು ಮತ್ತೊಮ್ಮೆ ಹಾಡಿ, ಬಳಿಕ ಸಾಯುತ್ತಾನೆ. ನಗರದವರು ಇದನ್ನು ಕಂಡು ನಗುವುದುಂಟು. ಕಥೆ ವ್ಯಾಸರದು, ಪದ ತಮ್ಮದು ಎಂಬುದು ಆ ಸಭೆಯ ನಿಲುವು. ಇಂಥ ಸಭೆಯ ಮಕ್ಕಳ ನಡುವೆ ಆ ಧ್ವನಿಸುರುಳಿ ಬಂದಿತು.

ಹುಡುಗರು ಅದನ್ನು ಮೆಚ್ಚಿಕೊಂಡರು. ಕವಿತೆಯೆಂದರೆ ಪಠ್ಯಪುಸ್ತಕವೆಂದು ತಿಳಿದಿದ್ದ ನನ್ನ ವಿದ್ಯಾರ್ಥಿಗಳು ಪುಟಗಟ್ಟಲೆ ಬಾಯಿಪಾಠ ಒಪ್ಪಿಸತೊಡಗಿದರು. ಕುರುಕ್ಷೇತ್ರ ಕಲಿಸುತ್ತಿದ್ದ ಹಿರಿಯ ಮೇಷ್ಟ್ರೊಬ್ಬರು ಮಾತ್ರ, “ವಾದ್ಯ ಹೆಚ್ಚಾಯಿತು, ಪದ ಮುಳುಗಿತು” ಎಂದು ತಲೆಯಾಡಿಸಿದರು. ಅವರದು ಕಸುಬಿನ ಮಾತು. ನನ್ನನ್ನು ತಡೆದು ನಿಲ್ಲಿಸಿದ ಮಾತು ನಮ್ಮ ಬೀದಿಯ ಒಬ್ಬ ಹೆಂಗಸಿನದು. ಚಿತ್ರವನ್ನು ನೋಡಿ ಬಂದವರು ಆಕೆ, ಧ್ವನಿಸುರುಳಿಯನ್ನು ಕೇಳಿ, “ಚೆನ್ನಾಗಿದೆ ಮೇಷ್ಟ್ರೆ. ಆದರೆ ನಮ್ಮ ಪದುಮ ಇವಳಲ್ಲ” ಎಂದರು.

ರಾಯರು ಮಾವನ ಮನೆಗೆ ಬರುವ ಕವಿತೆ ಕೇಳುಗರಿಗೆ ತಿಳಿದೇ ಇದೆ. ಅಳಿಯನಿಗೆ ಸಕಲ ಉಪಚಾರವೂ ನಡೆಯುತ್ತದೆ, ಪದುಮಳ ಸುಳಿವು ಮಾತ್ರ ಇಲ್ಲ. ಇರುಳೆಲ್ಲ ನಿದ್ರೆಗೆಟ್ಟ ರಾಯರು ಬೆಳಗ್ಗೆ ಮುನಿದು ಹೊರಟು ನಿಂತಾಗ, ನೀರು ಕಾದಿದೆಯೆಂದು ನಾದಿನಿ ಹೇಳುತ್ತಾಳೆ. ಅದು ಅಕ್ಕನಿಗೆ ಎಂದು ತಿಳಿದೊಡನೆ ಎಲ್ಲವೂ ತಿಳಿಯುತ್ತದೆ. ಪದುಮ ಒಳಗೆ ಏಕೆ ಇರಲಿಲ್ಲವೆಂಬುದನ್ನು ಕವಿ ಹೇಳುವುದಿಲ್ಲ. ತರಗತಿಯಲ್ಲಿ ನಾನು ಇದನ್ನು ವಿವರಿಸಲು ಆನಂದವರ್ಧನನನ್ನು ಕರೆತರುತ್ತಿದ್ದೆ. ಆಕೆಗೆ ಆನಂದವರ್ಧನ ಬೇಕಿರಲಿಲ್ಲ. “ಬಾಯಿಬಿಟ್ಟು ಹೇಳಿದರೆ ಹಾಡು ಮುಗಿಯಿತಲ್ಲ” ಎಂದರು. ಹೊರಗೆ ಕುಳಿತ ಮೂರು ದಿನಗಳನ್ನು ಬಲ್ಲ ಹೆಣ್ಣುಮಕ್ಕಳೆಲ್ಲ ಆ ಕವಿತೆಯ ಪದುಮಳೇ. ತೆರೆಯ ಮೇಲೆ ಒಬ್ಬಳ ಮುಖ ಮೂಡಿದೊಡನೆ ಉಳಿದವರು ಎದ್ದು ಹೊರಗೆ ಹೋಗಬೇಕಾಗುತ್ತದೆ. ಆಕೆಯ ತಕರಾರು ನಟಿಯ ಮೇಲಾಗಲಿ ಗಾಯಕಿಯ ಮೇಲಾಗಲಿ ಇರಲಿಲ್ಲ. ತಾನು ಕುಳಿತಿದ್ದ ಜಾಗ ಹೋಯಿತಲ್ಲ ಎಂಬುದೇ ಆಗಿತ್ತು.

ಹಾಗೆಂದು ಕಥೆ ಹಾಡನ್ನು ಯಾವಾಗಲೂ ಕೆಡಿಸುತ್ತದೆಯೆಂದರೆ ಅನ್ಯಾಯವಾದೀತು. ಬಳೆಗಾರ ಚೆನ್ನಯ್ಯನ ಕವಿತೆಯನ್ನು ನೋಡಿರಿ. ತವರಿನಲ್ಲಿರುವ ಹೆಂಡತಿಯ ಸುದ್ದಿಯನ್ನು ಹೊತ್ತು ಅವನು ಗಂಡನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಆ ಕವಿತೆಯಲ್ಲಿ ಆಡುವವನುಂಟು, ಕೇಳುವವನುಂಟು, ಬಂದ ಕೆಲಸವೂ ಉಂಟು. ಅದು ಹುಟ್ಟುವಾಗಲೇ ಅರ್ಧ ನಾಟಕ. ಚಿತ್ರದ ಕಥೆಯೊಳಗೆ ಚೆನ್ನಯ್ಯ ಸಲೀಸಾಗಿ ನಡೆದುಬಂದ. ಆ ಹಾಡಿನ ಬಗೆಗೆ ಕಳ್ಳಂಬೆಳ್ಳದಲ್ಲಿ ಯಾರೂ ಗೊಣಗಿದ್ದನ್ನು ನಾನು ಕೇಳಲಿಲ್ಲ. ಮೇಷ್ಟ್ರು ಕೂಡ ಅದನ್ನು ಮತ್ತೆ ಹಾಕಿಸಿ ಕೇಳಿದರು. ಹೇಳಿ ಬೆಳೆಯುವ ಹಾಡಿಗೆ ಕಥೆ ನೆರವಾಗುತ್ತದೆ. ಹೇಳದೆ ಉಳಿಸುವ ಹಾಡಿಗೆ ಕಥೆ ಹೊರೆಯಾಗುತ್ತದೆ. ಪಂಡಿತರ ನೆರವಿಲ್ಲದೆ ಕೇಳುಗರು ಈ ವಿವೇಚನೆಯನ್ನು ಮಾಡಿದ್ದರು. ‘ಮೊದಲಿನದೇ ಚೆನ್ನಾಗಿತ್ತು’ ಎಂಬ ಮಾತನ್ನು ನಾವು ಹಳಹಳಿಕೆಯೆಂದು ತಳ್ಳಿಬಿಡುತ್ತೇವೆ. ಅದರೊಳಗೆ ಯಾವುದು, ಏಕೆ ಎಂದು ಕೇಳುವ ತಾಳ್ಮೆಯಿದ್ದರೆ ಅಲ್ಲಿ ವಿಮರ್ಶೆಯೇ ಸಿಕ್ಕೀತು.

ಈ ಪಾಠವನ್ನು ನಾನು ತಡವಾಗಿ ಕಲಿತೆ. ಆ ಹೆಂಗಸಿನ ಬಳಿ ಒಂದು ನೋಟುಬುಕ್ಕಿತ್ತು. ಆಕಾಶವಾಣಿಯ ಸುಗಮ ಸಂಗೀತ ಬರುವ ಹೊತ್ತಿಗೆ ಪೆನ್ಸಿಲ್ಲು ಹಿಡಿದು ಕುಳಿತು, ಕೈಗೆ ಸಿಕ್ಕಷ್ಟನ್ನು ಬರೆದುಕೊಂಡು, ಬಿಟ್ಟುಹೋದದ್ದನ್ನು ಮುಂದಿನ ಸಲ ತುಂಬಿದ ಪುಸ್ತಕ ಅದು. ಮದುವೆ, ಸೀಮಂತಗಳಲ್ಲಿ ಆಕೆ ಹಾಡುತ್ತಿದ್ದುದು ಅದರಿಂದಲೇ. ಒಮ್ಮೆ ಅದನ್ನು ನನಗೆ ತೋರಿಸಿದರು. ರಾಯರ ಹಾಡಿನಲ್ಲಿ ಎರಡು ಕಡೆ ಮುದ್ರಿತ ಪಾಠಕ್ಕಿಂತ ಬೇರೆ ಮಾತುಗಳಿದ್ದವು. ಎಂ.ಎ. ಓದಿದ ಕೈ ಸುಮ್ಮನಿದ್ದೀತೆ? ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟೆ. ಆಕೆ ನೋಡಿ, “ಹಾಗೋ” ಎಂದು ಮಡಚಿ ಒಳಗೆ ಒಯ್ದರು. ಆಮೇಲೆ ನಾನಿದ್ದ ಕಡೆ ಆ ಹಾಡನ್ನು ಹಾಡಿದ್ದನ್ನು ಕೇಳಲಿಲ್ಲ.

ಕವಿಯ ಪಾಠ ಅಚ್ಚಿನಲ್ಲಿ ಶುದ್ಧವಾಗಿ ಉಳಿಯಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂದು ನಾನು ತಿದ್ದಿದ್ದು ಅಚ್ಚಿನ ಪುಸ್ತಕವನ್ನಲ್ಲ. ಚಿತ್ರದವರು ಪದುಮಳಿಗೆ ಒಂದು ಮುಖ ಕೊಟ್ಟರು. ಆಕೆ ತನ್ನ ಪದುಮಳನ್ನು ಆ ನೋಟುಬುಕ್ಕಿನಲ್ಲಿ ಉಳಿಸಿಕೊಂಡಿದ್ದರು. ಅಲ್ಲಿಂದಲೂ ಅವಳನ್ನು ಎಬ್ಬಿಸಿ ಕಳುಹಿಸಿದವನು ನಾನು.