ಜೀರ್ಣೋದ್ಧಾರವೋ, ವಿಸರ್ಜನೆಯೋ?

ನಮ್ಮ ಬಾಣಾವರದಿಂದ ಅರಸೀಕೆರೆಗೆ ಹೋಗುವ ರೈಲಿನಲ್ಲಿ ಕುಳಿತು ನಾಲ್ಕು ಜನರ ಮಾತಿಗೆ ಕಿವಿಗೊಟ್ಟರೆ, ಮಳೆ, ಕೊಬ್ಬರಿಯ ಧಾರಣೆ, ಮಕ್ಕಳ ಪರೀಕ್ಷೆ ಇವುಗಳ ನಡುವೆ ಈಗ ಇನ್ನೊಂದು ಪ್ರಶ್ನೆಯೂ ಕೇಳಿಬರುತ್ತದೆ: “ಮೊಬೈಲು ಹಳೆಯದಾಯಿತು ಸ್ವಾಮೀ, ರಿಪೇರಿ ಮಾಡಿಸಲೋ, ಹೊಸದನ್ನೇ ತರಲೋ?”

ಜೀರ್ಣೋದ್ಧಾರವೆಂಬುದು ನಮ್ಮ ಸೀಮೆಗೆ ಹೊಸ ಮಾತಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನ ಗುಡಿಯ ಹೆಬ್ಬಾಗಿಲ ಗೋಪುರ ಹಾಳಾದಾಗ ವಿಜಯನಗರದವರ ಕಾಲದಲ್ಲಿ ಅದನ್ನು ಮತ್ತೆ ಕಟ್ಟಿಸಿದರೇ ಹೊರತು ಗುಡಿಯನ್ನೇ ಕೈಬಿಡಲಿಲ್ಲ. ಗರ್ಭಗುಡಿಯ ಮೇಲಣ ಶಿಖರವಂತೂ ಈಗಿಲ್ಲ. ಆದರೂ ಗುಡಿ ನಿಂತಿದೆ. ಕೆಟ್ಟದ್ದು ಯಾವ ಭಾಗ ಎಂದು ಮೊದಲು ಅರಿಯಬೇಕು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರುಂಟೆ?

ಮೊಬೈಲಿನಲ್ಲಿ ಎಲ್ಲಕ್ಕಿಂತ ಮೊದಲು ಮುಪ್ಪಡರುವುದು ಬ್ಯಾಟರಿಗೆ. ತುಂಬಿ ಬರಿದಾದ ಪ್ರತಿಸಲವೂ ಅದರೊಳಗಿನ ಲಿಥಿಯಂ ತುಸುತುಸುವಾಗಿ ಒಂದು ಪೊರೆಯಲ್ಲಿ ಸಿಕ್ಕಿ ನಿರುಪಯೋಗವಾಗುತ್ತದೆ. ಬಿಸಿಲಿಗಿಟ್ಟರೆ ಈ ಸವಕಳಿ ಇನ್ನೂ ಬೇಗ. ಯೂರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರಾಟಕ್ಕೆ ತರುವ ಹೊಸ ಮಾದರಿಗಳ ಬ್ಯಾಟರಿ 800 ಸಲ ತುಂಬಿ ಬರಿದಾದ ಮೇಲೂ ಶೇಕಡ 80ರಷ್ಟು ಶಕ್ತಿಯನ್ನು ಉಳಿಸಿಕೊಂಡಿರಬೇಕೆಂದು ನಿಯಮವಾಗಿದೆ. ನಮ್ಮಲ್ಲಿ ಅಂಥ ಕಟ್ಟಳೆಯಿಲ್ಲ. 2022ರ ಡಿಸೆಂಬರ್ 24ರಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯವರು ‘ರೈಟ್ ಟು ರಿಪೇರ್’ ಎಂಬ ಜಾಲತಾಣವನ್ನು ತೆರೆದಿದ್ದಾರೆ. ತಯಾರಕರ ರಿಪೇರಿ ವ್ಯವಸ್ಥೆಯ ವಿವರವನ್ನು ಅಲ್ಲಿ ನೋಡಬಹುದು. ತಕರಾರಿದ್ದರೆ 1915ಕ್ಕೆ ಫೋನು ಮಾಡಬಹುದು.

ನಮ್ಮ ಶಾಲೆಯ ಹುಡುಗನೊಬ್ಬನ ತಾಯಿ ಒಂದು ದಿನ ಬಂದು, “ಮೇಷ್ಟ್ರೇ, ನಲವತ್ತು ಪರ್ಸೆಂಟು ಇರುವಾಗಲೇ ಇದು ಕಣ್ಣು ಮುಚ್ಚುತ್ತೆ. ಒಳಗಿನ ಬೋರ್ಡೇ ಹೋಗಿದೆ, ಕಂತಿನ ಮೇಲೆ ಹೊಸದು ತಗೊಳ್ಳಿ ಅಂತಾರೆ ಅಂಗಡಿಯವರು” ಎಂದರು. ಆಕೆ ಕೂಲಿಗೆ ಹೋಗುವವರು. ಕಂತು ಕಟ್ಟುವುದು ದೊಡ್ಡ ಮಾತೇ. ಆದರೆ ಸಂಕಟ ಅದಲ್ಲ. ತೀರಿಕೊಂಡ ಯಜಮಾನರ ದನಿ ಆ ಮೊಬೈಲಿನಲ್ಲಿತ್ತು, ಬೇರೆಲ್ಲೂ ಇರಲಿಲ್ಲ. “ಮೊದಲು ಅದನ್ನು ಮೆಮೊರಿ ಕಾರ್ಡಿಗೆ ಇಳಿಸೋಣಮ್ಮ, ಆಮೇಲೆ ರಿಪೇರಿಯ ಮಾತು” ಎಂದೆ. ಅರಸೀಕೆರೆಯಲ್ಲಿ ಬೇರೊಬ್ಬ ರಿಪೇರಿಯವರು ನೋಡಿ, ಕೆಟ್ಟದ್ದು ಬೋರ್ಡಲ್ಲ, ಬ್ಯಾಟರಿ ಎಂದರು. ಸವೆದ ಬ್ಯಾಟರಿ ಕೆಲಸದ ಭಾರ ಬಿದ್ದೊಡನೆ ಒತ್ತಡ ಕುಸಿದು ಹೀಗೆ ಕೈಕೊಡುವುದುಂಟು. ಅದನ್ನು ಬದಲಿಸಿದ ಮೇಲೆ ಮೊಬೈಲು ನೆಟ್ಟಗಾಯಿತು.

ಆದರೆ ದೇಹ ನೆಟ್ಟಗಿದ್ದ ಮಾತ್ರಕ್ಕೆ ಕಾವಲು ಗಟ್ಟಿಯಾಗಿರುವುದಿಲ್ಲ. ‘ಸೆಟ್ಟಿಂಗ್ಸ್’ನಲ್ಲಿ ಭದ್ರತಾ ಪರಿಷ್ಕರಣೆಯ ತಾರೀಖು ಇರುತ್ತದೆ. ಅದು ನಿಂತು ಒಂದೆರಡು ವರ್ಷವಾಗಿದ್ದರೆ ಬ್ಯಾಂಕಿನ ವ್ಯವಹಾರವನ್ನು ಆ ಮೊಬೈಲಿನಲ್ಲಿ ಇಟ್ಟುಕೊಳ್ಳಬಾರದು. ಆಕೆಯ ಮೊಬೈಲಿನಿಂದಲೂ ತೆಗೆಸಿದೆವು. ಗುಂಡಿಯ ಫೋನಿನಿಂದಲೇ ಹಣ ಕಳುಹಿಸುವ ‘ಯುಪಿಐ 123ಪೇ’ 2022ರಿಂದ ಇದೆ. ಬ್ಯಾಂಕು, ಪಿಂಚಣಿ, ವಿದ್ಯಾರ್ಥಿವೇತನವೆಲ್ಲ ಒಂದೇ ಮೊಬೈಲನ್ನು ನಂಬಿಕೊಂಡಿರುವ ಮನೆಯಲ್ಲಿ, ಪರಿಷ್ಕರಣೆ ನಿಂತುಹೋಗಿದ್ದರೆ ಹೊಸದನ್ನು ಕೊಳ್ಳುವುದೇ ಸರಿ. ಕೊಳ್ಳುವಾಗ ಬಣ್ಣ, ಕ್ಯಾಮೆರಾ ನೋಡುವ ಮೊದಲು, ಇನ್ನೆಷ್ಟು ವರ್ಷ ಪರಿಷ್ಕರಣೆ ಕೊಡುತ್ತೀರೆಂದು ಕೇಳಿರಿ. 2023–24ರಿಂದ ಕೆಲವು ತಯಾರಕರು ತಮ್ಮ ಮೇಲ್ದರ್ಜೆಯ ಮಾದರಿಗಳಿಗೆ ಏಳು ವರ್ಷದ ಮಾತು ಕೊಟ್ಟಿದ್ದಾರೆ. ಅಗ್ಗದವುಗಳಿಗೆ ಸಾಮಾನ್ಯವಾಗಿ ಅಷ್ಟು ಆಯುಷ್ಯವಿಲ್ಲ.

ಪರದೆ ಒಡೆದರೆ ಲೆಕ್ಕ ಬೇರೆ. ಗಾಜು, ಸ್ಪರ್ಶದ ಪದರ, ಚಿತ್ರದ ಪದರ ಮೂರೂ ಅಂಟಿಕೊಂಡು ಒಂದೇ ತುಂಡಾಗಿರುವುದರಿಂದ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕಾಗುತ್ತದೆ. ಹಳೆಯ ಅಗ್ಗದ ಮೊಬೈಲಿಗೆ ಇದು ಮೂಗಿಗಿಂತ ಮೂಗುತಿ ಭಾರ. ಚಾರ್ಜು ಏರದಿದ್ದರೆ ಮಾತ್ರ ಅವಸರಪಡಬೇಡಿ; ಜೇಬಿನ ನೂಲು, ಧೂಳು ತೂತಿನಲ್ಲಿ ಸೇರಿಕೊಂಡಿರಬಹುದು. ಆರಿಸಿಟ್ಟು, ಒಣಗಿದ ಮರದ ಕಡ್ಡಿಯಿಂದ ಮೆಲ್ಲನೆ ತೆಗೆದರೆ ಸರಿಹೋದೀತು. ಇನ್ನು, ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿಯ ಡಬ್ಬಿಯಲ್ಲಿ ಹೂಳುವ ಪದ್ಧತಿಯೊಂದಿದೆ. ಅದರಿಂದ ಮೊಬೈಲಿಗೂ ಗುಣವಿಲ್ಲ, ಅಕ್ಕಿಗೂ ಗುಣವಿಲ್ಲ.

ಬ್ಯಾಟರಿ ಉಬ್ಬಿ ಹಿಂಬದಿ ಬಾಯ್ಬಿಟ್ಟಿದ್ದರೆ ಚಾರ್ಜಿಗೆ ಹಾಕದಿರಿ, ಒತ್ತದಿರಿ, ಚುಚ್ಚದಿರಿ, ಬೆಂಕಿ ಹತ್ತಿಕೊಳ್ಳುತ್ತದೆ. ವಿಸರ್ಜಿಸುವುದೇ ನಿಶ್ಚಯವಾದರೆ ಚಿತ್ರ, ದನಿಗಳನ್ನು ಬೇರೆಡೆಗೆ ಇಳಿಸಿಕೊಂಡು, ಸಿಮ್ಮು ತೆಗೆದು, ಒಳಗಿನದನ್ನೆಲ್ಲ ಅಳಿಸಿರಿ. ಹಳೆಯ ವಿದ್ಯುನ್ಮಾನ ಸಾಮಗ್ರಿಯ ವಿಲೇವಾರಿಯ ಹೊಣೆಯನ್ನು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಅವರ ಸೇವಾಕೇಂದ್ರದಲ್ಲಿ ವಿಚಾರಿಸಿ ಒಪ್ಪಿಸಿರಿ, ತಿಪ್ಪೆಗೆ ಎಸೆಯಬೇಡಿರಿ.