ಕೊಳವೆಯಲ್ಲೂ ಸುಮ್ಮನಿರದ ರಕ್ತ



ಕಾಶಿಗೆ ಹೋದ ನಮ್ಮವರು ಅನೇಕರು ಗೊದೌಲಿಯಾ ಬಳಿಯ ಜಂಗಮವಾಡಿ ಮಠದಲ್ಲಿ ಇಳಿದುಕೊಳ್ಳುತ್ತಾರೆ. ಸಂಜೆ ನಡೆದೇ ದಶಾಶ್ವಮೇಧ ಘಾಟ್‌ಗೆ ಹೋಗಿ ಗಂಗಾರತಿ ನೋಡಬಹುದು. ದಾರಿಯಲ್ಲಿ ಠಂಡಾಯಿ ಅಂಗಡಿಗಳು. 1985ರ ಮಾದಕ ವಸ್ತು ಕಾಯಿದೆಯಲ್ಲಿ ಗಾಂಜಾ ಎಂದರೆ ಹೂ ತೆನೆ ಮಾತ್ರ. ಬರೀ ಎಲೆ ಅದರಲ್ಲಿ ಸೇರಿಲ್ಲ. ಹಾಗಾಗಿ ಅಲ್ಲಿ ಪರವಾನಗಿ ಪಡೆದ ಭಾಂಗ್ ಅಂಗಡಿಗಳೂ ಉಂಟು.

ನಮ್ಮ ಗುಂಪಿನ ಹಿರಿಯರೊಬ್ಬರು ಒಂದು ಲೋಟ ಠಂಡಾಯಿ ಕುಡಿದರು. ಆಗ ಏನೂ ಆಗಲಿಲ್ಲ. ಒಂದೂವರೆ ಗಂಟೆ ಕಳೆದು, ಆರತಿಯ ನಡುವೆ, ಅವರ ಮಾತು ತೊದಲತೊಡಗಿತು. ಸಕ್ಕರೆ ಕಾಯಿಲೆಯವರು, ದಿನವೂ ಆಸ್ಪಿರಿನ್ ನುಂಗುವವರು. ಪಾರ್ಶ್ವವಾಯುವೇ ಎಂದು ನಮಗೆ ಕೈಕಾಲು ನಡುಗಿತು. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಭಾಂಗ್ ಇರಬಹುದೆಂದು ರಕ್ತ ತೆಗೆದರು. ಆದರೆ ಆ ಪ್ಲಾಸ್ಟಿಕ್ ಕೊಳವೆ ಮೂರು ದಿನ ಯಾವುದೋ ಮೇಜಿನ ಮೇಲೇ ಉಳಿಯಿತು. ವರದಿ ಬಂತು: ‘ಇಲ್ಲ’. ಅಂಗಡಿಯವನೂ ಇಲ್ಲವೆಂದ. ಹಾಗಾದರೆ ಮೆದುಳಿನದೇ ತೊಂದರೆಯೇ? ಮಗನಿಗೆ ನಿದ್ದೆಯಿಲ್ಲ. ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಮೂತ್ರ ಪರೀಕ್ಷೆ.

ರಕ್ತ ಮೈಯಿಂದ ಹೊರಬಂದ ಮಾತ್ರಕ್ಕೆ ಅದರ ಕೆಲಸ ನಿಲ್ಲುವುದಿಲ್ಲ. ಕೊಳವೆಯಲ್ಲೂ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇಕಡಾ 5ರಿಂದ 7ರಷ್ಟು. ಕಿಣ್ವಗಳು ಔಷಧಿಯನ್ನು ಕತ್ತರಿಸುತ್ತಲೇ ಇರುತ್ತವೆ. ಆಸ್ಪಿರಿನ್ ನಮ್ಮ ರಕ್ತದಲ್ಲಿ 15-20 ನಿಮಿಷಕ್ಕೆ ಅರ್ಧವಾಗುತ್ತದೆ. ತೆಗೆದಿಟ್ಟ ರಕ್ತದಲ್ಲೂ ಒಡೆದು ಸ್ಯಾಲಿಸಿಲಿಕ್ ಆಮ್ಲವಾಗುತ್ತಾ ಹೋಗುತ್ತದೆ. ಅದನ್ನು ತಡೆಯಬೇಕಾದರೆ ಕೊಳವೆಯಲ್ಲಿ ಮೊದಲೇ ಫ್ಲೋರೈಡ್ ಇರಬೇಕು, ಕೂಡಲೇ ಮಂಜುಗಡ್ಡೆಯಲ್ಲಿಟ್ಟು, ಬೇಗ ಪ್ಲಾಸ್ಮಾ ಬೇರ್ಪಡಿಸಿ ಹೆಪ್ಪುಗಟ್ಟಿಸಬೇಕು. ಕೊಕೇನ್ ಪರೀಕ್ಷೆಗೂ ಫ್ಲೋರೈಡೇ ಕಾವಲು. ಸಕ್ಕರೆ ಪರೀಕ್ಷೆಗೆ ಹೋದವರು ಬೂದು ಮುಚ್ಚಳದ ಕೊಳವೆ ನೋಡಿರುತ್ತೀರಲ್ಲ, ಅದರೊಳಗಿನ ಪುಡಿಯಲ್ಲಿ ಇರುವುದು ಅದೇ.

ಎಲ್ಲಕ್ಕೂ ಅದೇ ಮದ್ದಲ್ಲ. ರಕ್ತದೊತ್ತಡದ ಕ್ಯಾಪ್ಟೊಪ್ರಿಲ್‌ಗೆ ಗಂಧಕದ ಒಂದು ಕೊಂಡಿಯಿದೆ. ಅದು ಪ್ರೋಟೀನಿಗೋ ತನ್ನಂಥದೇ ಇನ್ನೊಂದಕ್ಕೋ ಅಂಟಿಕೊಳ್ಳುತ್ತದೆ. ರಕ್ತ ತೆಗೆದ ತಕ್ಷಣ ಆ ಕೊಂಡಿಯನ್ನು ಮುಚ್ಚುವ ರಾಸಾಯನಿಕ ಬೆರೆಸದಿದ್ದರೆ ಅಳತೆ ತಪ್ಪುತ್ತದೆ. ಭಾಂಗ್‌ನ ಮತ್ತೇರಿಸುವ ಅಂಶ ಟಿ.ಎಚ್.ಸಿ.ಯದು ಬೇರೆಯೇ ರಗಳೆ. ಅದು ಎಣ್ಣೆಯ ಜಾತಿ. ಪ್ಲಾಸ್ಟಿಕ್ ಗೋಡೆಗೂ ರಬ್ಬರ್ ಮುಚ್ಚಳಕ್ಕೂ ಅಂಟುತ್ತದೆ, ಬೆಳಕು ಸೆಕೆಗಳಲ್ಲಿ ಕೆಡುತ್ತದೆ. ಅದಕ್ಕೆ ಗಾಜಿನ ಕೊಳವೆ, ಕತ್ತಲೆ, ಫ್ರೀಜರ್ ಬೇಕು. ಯಕೃತ್ತು ಅದನ್ನು ಮಾರ್ಪಡಿಸಿ ಮೂತ್ರಕ್ಕೆ ಕಳಿಸುವ ರೂಪ ಹೆಚ್ಚು ಗಟ್ಟಿ, ಕೆಲವು ದಿನ ಸಿಗುತ್ತದೆ. ನಮ್ಮ ಹಿರಿಯರ ಮರ್ಯಾದೆ ಉಳಿಸಿದ್ದು ಅದೇ.

ಆದ್ದರಿಂದ ಮನೆಯವರ ರಕ್ತ ಪರೀಕ್ಷೆಗೆ ಹೋದಾಗ ನಾನೀಗ ಎರಡು ಪ್ರಶ್ನೆ ಕೇಳುತ್ತೇನೆ: ಕೊಳವೆಯ ಮೇಲೆ ರಕ್ತ ತೆಗೆದ ಹೊತ್ತು ಬರೆದಿರಾ? ಇದು ಪ್ರಯೋಗಾಲಯ ಮುಟ್ಟುವುದು ಯಾವಾಗ? ಕೆಲವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ ಬಿಡಿ.

ನಮ್ಮ ಹಿರಿಯರು ಮಾತ್ರ ಮರುವರ್ಷವೂ ಕಾಶಿಗೆ ಹೋದರು. ಘಾಟ್‌ನ ದಾರಿಯಲ್ಲಿ ಲಸ್ಸಿ ಕೇಳಿದರಂತೆ, ‘ಸಾದಾ’ ಎಂದು ಮೂರು ಬಾರಿ ಹೇಳಿ.