ಪ್ಯಾಕಿಂಗ್ ಹಾಳೆ: ಬಿಸಿಲಿಗೂ ಚಳಿಗೂ ತಡೆಯುವುದು ಯಾವುದು?

(ಬೆಳ್ಳಿಹಬ್ಬದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಬೀಜ, ಗೊಬ್ಬರ, ಸಾಲ ಅಂತ ರೈತರ ಕೈಹಿಡಿದ ಈ ಸಂಘ, ಈಗ ಸದಸ್ಯರ ಬೆಲ್ಲ, ಉಪ್ಪಿನಕಾಯಿ, ಕಾಯಿತುರಿಯನ್ನು ತಾನೇ ಪ್ಯಾಕ್ ಮಾಡಿ ಪೇಟೆಗೆ ಕಳಿಸಲು ಹೊರಟಿದೆ. ಬಹಳ ಸಂತೋಷ. ಆದರೆ ಮಾಲು ಎಷ್ಟೇ ಚೆನ್ನಾಗಿರಲಿ, ಮೇಲಿನ ಹಾಳೆ ದಾರಿಯಲ್ಲಿ ಹರಿದರೆ ಅಂಗಡಿಯವರು ವಾಪಸು ಕಳಿಸ್ತಾರೆ. ನಷ್ಟ ಬರುವುದು ಸದಸ್ಯರ ಪಾಲಿಗೆ. ಅದಕ್ಕಾಗಿ ಈ ನಾಲ್ಕು ಮಾತು.

ಬಿಸಿಗೆ ಕುಗ್ಗುವ ಈ ಹಾಳೆಯನ್ನು ತಯಾರಿಸುವಾಗ, ಬಿಸಿ ಇರುವಾಗಲೇ ಎಳೆದು ಹಿಗ್ಗಿಸಿ, ಹಾಗೇ ತಣ್ಣಗಾಗಿಸುತ್ತಾರೆ. ಮತ್ತೆ ಬಿಸಿಗಾಳಿ ತಗುಲಿದರೆ ಅದು ಮೊದಲಿನ ಅಳತೆಗೆ ಮರಳಲು ನೋಡಿ, ಒಳಗಿನ ಮಾಲನ್ನು ಬಿಗಿಯಾಗಿ ಹಿಡಿಯುತ್ತದೆ. ಇಷ್ಟೇ ಅದರ ಗುಟ್ಟು.

ಪೇಟೆಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಪಿ.ವಿ.ಸಿ. ಇದು ಕಡಿಮೆ ಶಾಖಕ್ಕೇ ಕುಗ್ಗುತ್ತದೆ, ಹೊಳಪೂ ಚೆನ್ನ. ಆದರೆ ಆ ಗುಣವೇ ಅದರ ದೋಷ. ತಗಡಿನ ಮಾಡಿನ ಗೋದಾಮಿನಲ್ಲಿ ಬೇಸಿಗೆಯಲ್ಲಿಟ್ಟರೆ ಸುರುಳಿಯಲ್ಲಿದ್ದ ಹಾಗೇ ಸ್ವಲ್ಪ ಸ್ವಲ್ಪ ಕುಗ್ಗಿ ಕೆಡುತ್ತದೆ. ಚಳಿಯಲ್ಲೋ, ಗಡುಸಾಗಿ ಒಡೆಯುತ್ತದೆ. ಅತಿಯಾಗಿ ಕಾಯಿಸಿದರೆ ಹೈಡ್ರೋಜನ್ ಕ್ಲೋರೈಡ್ ಎಂಬ ಕಟು ಅನಿಲ ಬರುತ್ತದೆ. ಅದು ಕೆಲಸದವರ ಕಣ್ಣು, ಗಂಟಲಿಗೆ ಕೆಟ್ಟದ್ದು, ಯಂತ್ರಕ್ಕೂ ತುಕ್ಕು.

ಎರಡನೆಯದು ಪಾಲಿಥೀನ್. ಹಾಲಿನ ಪ್ಯಾಕೆಟ್ಟಿನಿಂದ ನಿಮಗೆಲ್ಲ ಪರಿಚಯ. ಕರಗುವುದು ಸುಮಾರು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಾಗಾಗಿ ನಮ್ಮ ಬಿಸಿಲಿಗೆ ಜಗ್ಗುವುದಿಲ್ಲ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೀತಲಗೃಹದಲ್ಲೂ ಮೆತ್ತಗೇ ಇರುತ್ತದೆ. ಪಾರದರ್ಶಕತೆ ಮಾತ್ರ ಕಡಿಮೆ. ಡಜನ್ ಬಾಟಲಿ ಒಟ್ಟಿಗೆ ಕಟ್ಟಲು, ಕಾಯಿತುರಿಯ ಪೊಟ್ಟಣಕ್ಕೆ ಇದೇ ಲೇಸು.

ಮೂರನೆಯದು, ವ್ಯಾಪಾರದವರು ಪಾಲಿಒಲಿಫಿನ್ ಅನ್ನುವ ಪದರದ ಹಾಳೆ. ತೆಳುವಾದರೂ ಗಟ್ಟಿ, ಹೊಳಪೂ ಉಂಟು. ಬಿಡಿ ಬಾಟಲಿ, ಬೆಲ್ಲದ ಅಚ್ಚಿಗೆ ಒಪ್ಪುತ್ತದೆ.

ಇನ್ನೆರಡು ಎಚ್ಚರಿಕೆ. ಬೆಲ್ಲ ಪೂರ್ತಿ ಆರಿದ ಮೇಲೇ ಸುತ್ತಬೇಕು. ಇಲ್ಲವಾದರೆ ಒಳಗೆ ಬೆವರು ಕಟ್ಟಿ ಬೆಲ್ಲ ನೀರೊಡೆಯುತ್ತದೆ. ಬೆಸುಗೆ ಹಾಕುವ ಅಂಚಿಗೆ ಉಪ್ಪಿನಕಾಯಿ ಎಣ್ಣೆ ತಗುಲಿದ್ದರೆ ಹಾಳೆ ಅಂಟುವುದಿಲ್ಲ.

ಕಾನೂನೂ ಗೊತ್ತಿರಲಿ. 2022ರ ಜುಲೈ 1ರಿಂದ ಸಿಹಿತಿಂಡಿ ಡಬ್ಬಿಗಳ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತುವುದನ್ನು ದೇಶದಾದ್ಯಂತ ನಿಷೇಧಿಸಿದ್ದಾರೆ. ಬಾಟಲಿಯ ಮುಚ್ಚಳ ಗಟ್ಟಿಯಿದ್ದು ರಟ್ಟಿನ ಪೆಟ್ಟಿಗೆ ಸಾಕಾಗುವ ಕಡೆ ಹಾಳೆಯೇ ಬೇಡ. ಖರ್ಚೂ ಉಳಿತಾಯ, ಊರಿನ ಚರಂಡಿಯೂ ಸ್ವಚ್ಛ.

ಕೊನೆಯದಾಗಿ ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ದರಪಟ್ಟಿ ನೋಡಿ ಸುರುಳಿಗಟ್ಟಲೆ ಕೊಳ್ಳಬೇಡಿ. ಮೊದಲು ಮಾದರಿ ತರಿಸಿ, ಹತ್ತು ಪೊಟ್ಟಣ ಗೋದಾಮಿನ ಬಿಸಿಯಲ್ಲಿ, ಹತ್ತು ಶೀತಲ ಪೆಟ್ಟಿಗೆಯಲ್ಲಿ ಒಂದು ವಾರ ಇಡಿ. ಆಮೇಲೆ ಸೊಂಟದೆತ್ತರದಿಂದ ಬೀಳಿಸಿ ನೋಡಿ. ಯಾವುದು ಹರಿಯಲಿಲ್ಲವೋ ಅದನ್ನೇ ಕೊಳ್ಳಿ. ಸದಸ್ಯರ ದುಡ್ಡು, ಪರೀಕ್ಷಿಸಿಯೇ ಖರ್ಚಾಗಲಿ.

ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸಿ, ನನ್ನ ಮಾತು ಮುಗಿಸುತ್ತೇನೆ. ಜೈ ಸಹಕಾರ!